ತುಂಬಿದ ಉಡಿಗೆ ಉಡಿ ತುಂಬಿದ ಅಡಿವೆಪ್ಪ

ಹೂಂಗುಟ್ಟುವವರು ಮುಂದೆ ಬಂದು ಕೂತುಕೊಳ್ಳಿ, ತೂಕಡಿಸುವವರು ಗೋಡೆಗೆ ಒರಗಿಕೊಳ್ಳಿ.

ಮೆಣಸಿನಕಾಯಿ ಪೇಟೆಯ ಒಂದೂರು. ಆ ಊರಲ್ಲಿ ಫಕೀರವ್ವ ಅಂತ ಒಬ್ಬಾಕೆ, ಅವಳಿಗೆ ಅಡಿವೆಪ್ಪ ಅಂತ ಒಬ್ಬನೇ ಮಗ. ಮಗ ಆಳೆತ್ತರ ಬೆಳೆದಿದ್ದ, ಮೀಸೆ ಬಂದಿತ್ತು. ಬುದ್ಧಿ ಮಾತ್ರ ಬರುವ ದಾರಿಯಲ್ಲೇ ಎಲ್ಲೋ ಕೂತುಬಿಟ್ಟಿತ್ತು. ಹೇಳಿದ್ದನ್ನು ಹೇಳಿದಂತೆಯೇ ಮಾಡುವವನು. ಅದೇ ಅವನ ಗುಣ, ಅದೇ ಅವ್ವನ ಗೋಳು.

ಫಕೀರವ್ವ ತೋಟಪ್ಪ ಸಾವುಕಾರನ ಕಂಪನಿಯಲ್ಲಿ ಮೆಣಸಿನಕಾಯಿ ತೊಟ್ಟು ಮುರಿಯುವವಳು. ವಾರವೆಲ್ಲ ಕಣ್ಣಲ್ಲಿ ಖಾರ, ಬೆರಳಲ್ಲಿ ಉರಿ. ಶನಿವಾರ ಸಂಜೆ ಬಟವಾಡೆ. ಕೂಲಿ ಕೈಗೆ ಬರುವ ತನಕ ಹೆಂಗಸರೆಲ್ಲ ಕಂಪನಿಯ ಕಟ್ಟೆಯ ಮೇಲೆ ಕೂತು ಹಾಡು ಹಂಚಿಕೊಳ್ಳುವರು. ಒಬ್ಬಳು ತನ್ನ ಮೆಚ್ಚಿನ ಹಾಡು ಎತ್ತುವುದು, ಉಳಿದವರು ಹಿಮ್ಮೇಳ ಹಿಡಿಯುವುದು. ಒಬ್ಬಳಿಗೆ ತವರಿನ ಹಾಡು, ಇನ್ನೊಬ್ಬಳಿಗೆ ಸಿನಿಮಾ ಹಾಡು, ಫಕೀರವ್ವನಿಗೆ ಬೀಸುವ ಕಲ್ಲಿನ ಹಾಡು. ಭಾನುವಾರಕ್ಕೆ ಜೋಳವೂ ಮನೆಗೆ ಹೋಗುತ್ತಿತ್ತು, ಹಾಡೂ ಹೋಗುತ್ತಿತ್ತು.

ಆ ವರ್ಷ ಸಾವುಕಾರ "ಕಂಪನಿ ಲುಕ್ಸಾನಾಗೇತಿ" ಅಂತ ಬಟವಾಡೆ ನಿಲ್ಲಿಸಿದ. ರಾಜಧಾನಿಯಿಂದ ಮಂತ್ರಿ ಬಂದ. ಸಾವುಕಾರ ಟವೆಲಿನಲ್ಲಿ ಮುಖ ಮುಚ್ಚಿಕೊಂಡು ಅತ್ತ. "ಇಷ್ಟು ದೊಡ್ಡ ಕಂಪನಿ ಕೈಬಿಟ್ಟರೆ ಊರನ್ನೇ ಕೈಬಿಟ್ಟಂತೆ" ಅಂದ ಮಂತ್ರಿ, ಬೊಕ್ಕಸದಿಂದ ದೊಡ್ಡದೊಂದು ಗಂಟು ಕೊಡಿಸಿದ. ಡೊಳ್ಳು ಬಾರಿಸಿದರು, ಮಂತ್ರಿಗೆ ಮೊಣಕಾಲು ಮುಟ್ಟುವ ಹಾರ ಹಾಕಿದರು. ಸಾವುಕಾರನ ಮನೆ ಮೇಲೆ ಇನ್ನೊಂದು ಮಹಡಿ ಎದ್ದಿತು. ಹೆಂಗಸರ ಬಟವಾಡೆ ಮಾತ್ರ ಏಳಲಿಲ್ಲ. ಶನಿವಾರ ಬರೀ ಹಾಡನ್ನೇ ಕಟ್ಟಿಕೊಂಡು ಮನೆಗೆ ಹೋದರು. ಹಾಡಿನಿಂದ ರೊಟ್ಟಿ ಬಡಿಯಲಿಕ್ಕೆ ಬರುತ್ತದೆಯೆ? ಅಂಗಡಿಯವ ಉದ್ರಿ ಬಂದ್ ಮಾಡಿದ. ಫಕೀರವ್ವನ ಜೋಳದ ಗಡಿಗೆಯ ತಳ ಕಂಡಿತು.

"ಅಡಿವ್ಯಾ, ಸಾವುಕಾರನ ಕಡೆ ಹೋಗಿ ನನ್ನ ಕೂಲಿ ಕೇಳ್ಕೊಂಡು ಬಾ. ಬರಿಗೈಲೆ ಮಾತ್ರ ಬರಬ್ಯಾಡ."

"ಆತವ್ವ."

ಹೋದ. ಸಾವುಕಾರ ಇಲ್ಲ ಅಂದ. ಬರಿಗೈಯಲ್ಲಿ ಹೋಗುವ ಹಾಗಿಲ್ಲವಲ್ಲ. ಅಂಗಳದಲ್ಲಿ ಬಿಸಾಡಿದ ತೊಟ್ಟಿನ ರಾಶಿ ಕಂಡಿತು. ಚೀಲ ತುಂಬಿಸಿ, ಸೀನುತ್ತ ಸೀನುತ್ತ ಹೊತ್ತು ತಂದು ಅವ್ವನ ಮುಂದೆ ಇಳಿಸಿದ.

"ತೊಟ್ಟು ಬೇಯಿಸಿ ತಿನ್ನೂಣೇನೋ, ಮಂಗ್ಯಾನಂಥವನ? ಅಲ್ಲಿ ಹೋಗಿ ಅಳಬೇಕೋ. ಸಾವುಕಾರ ಅತ್ತ, ಸರ್ಕಾರ ಅವನ ಉಡಿ ತುಂಬ್ತು. ನೀನೂ ಅಳು."

"ಆತವ್ವ, ಅಳ್ತೀನಿ."

ಹೋದ. ಅವತ್ತು ಸಾವುಕಾರನ ಮೊಮ್ಮಗನನ್ನು ತೊಟ್ಟಿಲಿಗೆ ಹಾಕುವ ದಿನ. ಮುತ್ತೈದೆಯರು ಜೋಗುಳ ಶುರು ಮಾಡಿದ್ದೇ ತಡ, ಅಡಿವೆಪ್ಪ ತೊಟ್ಟಿಲು ತಬ್ಬಿಕೊಂಡು "ಹೋತಲ್ಲೋ, ಎಲ್ಲಾ ಹೋತಲ್ಲೋ" ಅಂತ ಲಬೋ ಲಬೋ ಅತ್ತ. ಕೂಸಿನ ಅಜ್ಜಿ ಕಸಬರಿಗೆ ಹಿಡಿದು ಬೀದಿಯ ತನಕ ಅಟ್ಟಿಸಿಕೊಂಡು ಬಂದಳು.

"ಮಂಗಳಕಾರ್ಯದಾಗ ಯಾರರೆ ಅಳ್ತಾರೇನೋ? ನಕ್ಕೋತ ಚಪ್ಪಾಳಿ ತಟ್ಟಿ ಹಾಡು ಹೇಳಬೇಕು."

"ಆತವ್ವ, ಹಾಡ್ತೀನಿ."

ಹೋದ. ಅವತ್ತು ಲುಕ್ಸಾನು ನೋಡಲಿಕ್ಕೆ ಅಧಿಕಾರಿಗಳು ಬಂದಿದ್ದರು. ಮೊದಲಿನ ಗಂಟು ಸಾಲದಾಗಿ, ಸಾವುಕಾರ ಎರಡನೇ ಗಂಟಿಗೆ ಆಗತಾನೆ ಅಳು ತೆಗೆದಿದ್ದ. ಅಡಿವೆಪ್ಪ ನಡುವೆ ನುಗ್ಗಿ, ಚಪ್ಪಾಳೆ ತಟ್ಟುತ್ತ ಬೀಗರನ್ನು ಹಾಸ್ಯ ಮಾಡುವ ಹಾಡು ಎತ್ತಿದ. ಒಬ್ಬ ಅಧಿಕಾರಿಯ ಕಾಲು ತಾನೇ ತಾಳ ಹಾಕತೊಡಗಿತು. ಸಾವುಕಾರನ ಅಳು ಅರ್ಧಕ್ಕೇ ಒಣಗಿತು. ಆಳುಗಳು ಅಡಿವೆಪ್ಪನನ್ನು ಹೊತ್ತು ಹೊರಗೆ ಹಾಕಿದರು.

"ದೊಡ್ಡವರ ನಡುವ ನಿನ್ನ ಹಾಡು ಯಾಕ ಬೇಕೋ? ಅವರು ಏನಂತಾರ, ಹಿಂದಿಂದ ನೀನೂ ಅದನ್ನ ಅನ್ನು. ಶನಿವಾರ ನಾವು ಹಿಮ್ಮೇಳ ಹಿಡಿಯೂದಿಲ್ಲೇನು, ಹಂಗ."

"ಆತವ್ವ, ಹಿಡೀತೀನಿ."

ಹೋದ. ಶನಿವಾರ ಸಂಜೆ. ಮತ್ತೆ ಬಂದ ಅಧಿಕಾರಿಗಳು ಒಳಗೆ ಚಹಾ ಕುಡಿಯುತ್ತಿದ್ದರು, ಹೆಂಗಸರು ಕಟ್ಟೆಯ ಮೇಲೆ ಸುಮ್ಮನೆ ಕೂತಿದ್ದರು. ಸಾವುಕಾರ ಮರೆಗೆ ನಿಂತು ಗುಮಾಸ್ತನ ಕಿವಿಯಲ್ಲಿ ಅಂದ: "ಹಿಂದಿನ ಗೋಡೌನಿನ ತುಂಬ ಮಾಲೈತಿ. ಇವರು ಹೋಗೂ ತನಕ ಬಾಗಲಾ ತಗೀಬ್ಯಾಡ."

ಅಡಿವೆಪ್ಪ ಹಿಂದೆಯೇ ಇದ್ದ. ಬೀಸುವ ಕಲ್ಲಿನ ಧಾಟಿಯಲ್ಲಿ ಗಂಟಲು ಬಿಟ್ಟ: "ಹಿಂದಿನ ಗೋಡೌನಿನ ತುಂಬ ಮಾಲೈತೇ ಯವ್ವಾ, ಇವರು ಹೋಗೂ ತನಕ ಬಾಗಲಾ ತಗೀಬ್ಯಾಡ..."

ಕಟ್ಟೆಯ ಮೇಲಿನ ಹೆಂಗಸರು ರೂಢಿಯಂತೆ ಹಿಮ್ಮೇಳ ಹಿಡಿದರು. ಎರಡನೇ ಸಲಕ್ಕೆ ಅರ್ಥ ಹೊಳೆಯಿತು, ದನಿ ಏರಿತು. ಮೂರನೇ ಸಲಕ್ಕೆ ಪೇಟೆಯ ಹಮಾಲರೂ ಕೂಡಿಕೊಂಡರು.

ಅಧಿಕಾರಿಗಳು ಕೇಳಿಸಿಕೊಳ್ಳಲಿಲ್ಲವೆ? ಕೇಳಿಸಿಕೊಂಡರು. ಚಹಾ ಮುಗಿಸಿ, ಬಾಯಿ ಒರೆಸಿಕೊಂಡು, ಕಾರು ಹತ್ತಿದರು.

ಪೇಟೆಯೆಲ್ಲ ಹಾಡುವುದು ಕೇಳಿ ಸಾವುಕಾರ ಮಾತ್ರ ಬೆವೆತುಹೋದ. "ಹಾಡು ನಿಲ್ಲಸ್ರೆವ್ವ. ನಾಳೆ ಎಲ್ಲಾರ ಬಟವಾಡೆ ಕೊಡ್ತೀನಿ. ಆದ್ರ ಈ ಅಡಿವೆಪ್ಪನ ಕೈಯಾಗಷ್ಟ ಕೊಡಾಂವ." ಯಾರ ಕೈಗೆ ಕೊಟ್ಟರೆ ಏನಾಗುತ್ತದೆ ಅಂತ ಅವನಿಗೆ ಗೊತ್ತಿರಲಿಲ್ಲವೆ?

ಮನೆಯಲ್ಲಿ ಗಂಜಿ ತಿರುವುತ್ತ ಫಕೀರವ್ವ ಕುದ್ದಳು. "ಕಿವಿಯಾಗ ಹಾಡಿ ಹೇಳಿದ್ರೂ ಎದ್ದು ಹೋದ್ರಲ್ಲೋ. ಹೊಟ್ಟಿ ಹಸಿದವರಿಗೆ ಯಾರು ಕೊಡ್ತಾರ? ತುಂಬಿದ ಉಡಿಗೇ ತುಂಬೂದು ದೊಡ್ಡವರ ರೀತಿ. ನೀನು ಇನ್ನರೆ ಆ ಶ್ಯಾಣ್ಯಾರನ್ನ ನೋಡಿ ಕಲಿ. ದಾರ್‍ಯಾಗ ಯಾರಾರ ಕೈ ಒಡ್ಡಿದ್ರ ಕೊಟ್ಟಗಿಟ್ಟಿ ಮತ್ತ, ಜ್ವಾಕಿ."

"ಆತವ್ವ, ಕಲೀತೀನಿ."

ಮರುದಿನ ಹೆಂಗಸರೆಲ್ಲ ಫಕೀರವ್ವನ ಮನೆ ಮುಂದೆ ಕೂತರು. ಎಷ್ಟೋ ವಾರಗಳ ಮೇಲೆ ಹಾಡಿಗೆ ಜೀವ ಬಂದಿತ್ತು. ಒಬ್ಬಳು ಜೋಳ ಎಂದಳು, ಒಬ್ಬಳು ಮಗನ ಔಷಧ ಎಂದಳು, ನಡುನಡುವೆ ಹಾಡು.

ಅಡಿವೆಪ್ಪ ಬಂದ. ಕೈಯಲ್ಲಿ ಖಾಲಿ ಚೀಲ. ಕೊರಳಲ್ಲಿ ಸುತಳಿಗೆ ಪೋಣಿಸಿದ ಮೆಣಸಿನಕಾಯಿ ತೊಟ್ಟಿನ ಹಾರ.

"ಬಟವಾಡೆ ಎಲ್ಲೆಪ್ಪಾ?"

"ಉಡಿ ತುಂಬಿ ಬಂದೆ."

"ಯಾರದೋ?"

"ಸಾವುಕಾರಂದು. ರೊಕ್ಕ ಇಸ್ಕೊಂಡು ಹೊಂಟ್ರ ಬಾಗಲದಾಗ ಒಂದು ಮುದುಕಿ ಕೈ ಒಡ್ಡಿದ್ಲು, ಕೊಡಲಿಲ್ಲ. ಊರಾಗ ತುಂಬಿದ ಉಡಿ ಯಾವುದಂತ ಹುಡುಕಿದೆ. ಅವಂದೊಂದ ಇತ್ತು. ಕುಂಕುಮ ಹಚ್ಚಿ, ಉಡಿ ಒಡ್ರಿ ಸಾವುಕಾರ್ರ ಅಂದೆ. ಧೋತರ ಹಿಡಿದು ಲಗೂನ ಒಡ್ಡಿದ್ರು, ಭಾಳ ರೂಢಿ ಐತಿ ಅವರಿಗೆ."

ಹಾಡು ನಿಂತಿತು. ಫಕೀರವ್ವ ಕಸಬರಿಗೆ ಎತ್ತಿದಳು.

ಅಡಿವೆಪ್ಪ ಹಾರ ಸರಿಮಾಡಿಕೊಂಡ. "ಹೊಡೀಬ್ಯಾಡವ್ವ. ಮಂತ್ರಿ ಉಡಿ ತುಂಬಿದಾಗ ಹಾರ ಹಾಕಿದ್ರು, ನನಗ ಯಾರೂ ಹಾಕಲಿಲ್ಲ, ನಾನ ಹಾಕ್ಕೊಂಡೆ."

ಎತ್ತಿದ ಕಸಬರಿಗೆ ಎತ್ತಿದಲ್ಲೇ ನಿಂತಿತು.

"ಡೊಳ್ಳು ಯಾವಾಗ ಬಾರಸ್ತೀರಿ?" ಅಂತ ಕೇಳಿದ ಅಡಿವೆಪ್ಪ.