ಜಗಲಿಯವ್ವನ ಗರಡಿ

ತೊಂಡಗೆರೆಯಲ್ಲಿ ಮೇಗಲಕೇರಿ ಮುಗಿದು ಕೆಳಗಲಕೇರಿ ಆರಂಭವಾಗುವ ಜಾಗದಲ್ಲಿ, ಎರಡಕ್ಕೂ ಸೇರದ ಹಾಗೆ, ಒಂದು ಹಳೆಯ ಹೆಂಚಿನ ಮನೆ ನಿಂತಿದೆ. ಮುಂಭಾಗದ ಫಲಕದ ಮೇಲೆ ‘ಯುವಜನ ಮತ್ತು ಸಮುದಾಯ ಕೇಂದ್ರ’ ಎಂದು ತಪ್ಪಿಲ್ಲದ ಅಕ್ಷರಗಳಲ್ಲಿ ಬರೆಸಿದ್ದರೂ, ಆ ಹೆಸರು ಹೇಳಿದರೆ ಊರಿನ ಆಟೋದವರಿಗೆ ದಾರಿ ತಿಳಿಯುವುದಿಲ್ಲ. ಜಗಲಿಯವ್ವನ ಗರಡಿ ಎನ್ನಬೇಕು. ಒಳಗೆ ಒಂದು ಕಡೆ ಹೊಲಿಗೆ ಯಂತ್ರಗಳಿವೆ, ಇನ್ನೊಂದು ಕಡೆ ವಾಚನಾಲಯ ಮತ್ತು ಕೇರಂ ಹಲಗೆಗಳು. ನಡುಮನೆಯಲ್ಲಿ ಮೊಳದುದ್ದ ಆಳಕ್ಕೆ ಅಗೆದ ಕುಸ್ತಿಯ ಅಖಾಡವಿದೆ. ಅದರ ಮಣ್ಣು ಕೆಂಪೂ ಅಲ್ಲ, ಕಪ್ಪೂ ಅಲ್ಲ. ಹೊರಗಿನಿಂದ ಬಂದವರು ಜಗಲಿಯವ್ವ ಎಂದರೆ ಯಾವುದೋ ಗ್ರಾಮದೇವತೆ ಎಂದು ಭಾವಿಸಿ ಹೊರಗಿನ ಕಲ್ಲು ಜಗಲಿಗೆ ಕುಂಕುಮ ಹಚ್ಚಿ ಹೋಗುತ್ತಾರೆ. ಅದು ತಪ್ಪು. ಅವಳು ಒಬ್ಬ ಹೆಂಗಸು. ಹೆಸರು ಚೆನ್ನಾಜಮ್ಮ. ಈ ಮನೆ ಅವಳದು.

ಹಿಂದೆ ಒಮ್ಮೆ ಎರಡೂ ಕೇರಿಗಳಿಗೆ ಬೇರೆ ಬೇರೆ ಗರಡಿಗಳಿದ್ದವು. ಒಂದು ಯುಗಾದಿಯ ಕುಸ್ತಿಯಲ್ಲಿ ಮೇಗಲಕೇರಿಯ ಪೈಲ್ವಾನ ಕೆಳಗಲಕೇರಿಯವನನ್ನು ಕೆಡವಿದ. ಎರಡು ಭುಜಗಳೂ ನೆಲಕ್ಕೆ ತಾಗಿದರೆ ಸೋಲು; ಬಿದ್ದವನ ಎರಡೂ ತಾಗಿದವೆಂದು ಮೇಗಲಕೇರಿಯವರು, ಒಂದೇ ತಾಗಿತೆಂದು ಕೆಳಗಲಕೇರಿಯವರು. ಅಷ್ಟರಿಂದಲೇ ಎರಡು ಕೇರಿಗಳ ನಡುವೆ ಹೆಣ್ಣು ತರುವುದು, ಬೆಂಕಿ ಕೇಳುವುದು, ಹೆಣಕ್ಕೆ ಹೆಗಲು ಕೊಡುವುದು ಎಲ್ಲವೂ ನಿಂತವು. ಸಂಜೆಯಾದರೆ ಹುಡುಗರು ಕೈಯಲ್ಲಿ ದೊಣ್ಣೆಯಿಲ್ಲದೆ ಗಡಿ ದಾಟುತ್ತಿರಲಿಲ್ಲ. ಚೆನ್ನಾಜಮ್ಮ ಮೇಗಲಕೇರಿಯಲ್ಲಿ ಹುಟ್ಟಿ ಕೆಳಗಲಕೇರಿಯವನನ್ನು ಮದುವೆಯಾದವಳು. ಗಂಡ ಎರಡರ ನಡುವೆ ಮನೆ ಕಟ್ಟಿ, ಮಕ್ಕಳಿಲ್ಲದೆ ತೀರಿಕೊಂಡಿದ್ದ. ಜಗಳ ಎದ್ದ ಮೇಲೆ ತವರಿನವರು ಅವಳನ್ನು ಕೊಟ್ಟುಬಿಟ್ಟ ಹೆಣ್ಣೆಂದರು, ಗಂಡನ ಕಡೆಯವರು ಆ ಕೇರಿಯವಳೆಂದರು. ಹನ್ನೆರಡು ವರ್ಷ ಅವಳ ಜಗಲಿಯ ಮೇಲೆ ಯಾರೂ ಕೂರಲಿಲ್ಲ. ಅವಳು ದಿನವೂ ಇಬ್ಬರಿಗಾಗುವಷ್ಟು ಮುದ್ದೆ ತಿರುವಿ, ಒಂದನ್ನು ಸಂಜೆಯವರೆಗೆ ಮುಚ್ಚಿಟ್ಟು, ಕೊನೆಗೆ ತಾನೇ ಉಣ್ಣುತ್ತಿದ್ದಳು ಎನ್ನುತ್ತಾರೆ.

ಒಂದು ವರ್ಷದ ಮಳೆಗೆ ಎರಡೂ ಗರಡಿಗಳ ಮಣ್ಣಿನ ಗೋಡೆಗಳು ಕುಸಿದವು. ಆಗ ಚೆನ್ನಾಜಮ್ಮ ಎರಡೂ ಕೇರಿಯ ಯಜಮಾನರ ಬಾಗಿಲಿಗೆ ಹೋಗಿ, ತನ್ನ ಮನೆಯನ್ನೇ ಗರಡಿ ಮಾಡಿಕೊಳ್ಳಿ ಎಂದು ಹೇಳಿದಳು. ಅವಳನ್ನು ತ್ಯಾಗಿ ಎಂದು ಹೊಗಳುವವರಿದ್ದಾರೆ. ನಿಜವೇನೆಂದರೆ, ಮನೆಯೊಳಗೆ ನಾಲ್ಕು ಜನರ ಸದ್ದು ಕೇಳಬೇಕೆಂಬುದು ಅವಳ ಆಸೆಯಾಗಿತ್ತು. ಅವಳು ಹಾಕಿದ ಷರತ್ತು ಒಂದೇ: ಅಖಾಡಕ್ಕೆ ಮೇಗಲಕೇರಿಯ ಕೆಮ್ಮಣ್ಣೂ ಕೆಳಗಲಕೇರಿಯ ಎರೆಮಣ್ಣೂ ಸಮಸಮ ಬೀಳಬೇಕು. ಯಜಮಾನರು ಒಂಬತ್ತು ದಿನ ಕೂತು ವಾದಿಸಿದರು. ಬೆಳಿಗ್ಗೆ ಯಾರು, ಸಂಜೆ ಯಾರು, ಆಂಜನೇಯನ ಪಟ ಯಾವ ಗೋಡೆಗೆ, ಎಲ್ಲಕ್ಕೂ ತಕರಾರು. ಕೊನೆಗೆ, ಹೆಂಗಸರು ಗರಡಿಯ ಹೊಸಿಲು ದಾಟಬಾರದೆಂಬ ಹಳೆಯ ಕಟ್ಟಳೆ ಬಂದಾಗ ಮಾತ್ರ ಎರಡೂ ಕಡೆಯವರು ಒಂದೇ ಉಸಿರಿಗೆ ಹೌದು ಎಂದರು. ಹನ್ನೆರಡು ವರ್ಷಗಳಲ್ಲಿ ಅವರು ಕೂಡಿ ಒಪ್ಪಿದ ಮೊದಲ ಮಾತು ಅದು. ಪೂಜೆ ಮುಗಿದು, ಮಣ್ಣಿಗೆ ಅರಿಶಿನ ಮಜ್ಜಿಗೆ ಬೆರೆಸಿಯಾದ ಮೇಲೆ ಒಬ್ಬ ಮುದುಕನಿಗೆ ಹೊಳೆಯಿತು.

“ಅಲ್ರಪ್ಪ, ಆಯಮ್ಮ ಎಲ್ಲಿರ್ತದೆ?”

“ಜಗಲಿ ಐತಲ್ಲ” ಎಂದ ಇನ್ನೊಬ್ಬ.

ಹಾಗೆ ಚೆನ್ನಾಜಮ್ಮ ಒಂದು ಚಾಪೆ, ಒಂದು ಒಲೆ, ಎರಡು ಪಾತ್ರೆಗಳೊಡನೆ ತನ್ನ ಮನೆಯ ಜಗಲಿಗೆ ಬಂದಳು. ಬಿದಿರಿನ ತಟ್ಟಿಯೊಂದನ್ನು ಮರೆಯಾಗಿ ಕಟ್ಟಿಕೊಂಡಳು. ಬೆಳಿಗ್ಗೆ ಮೇಗಲಕೇರಿಯ ಹುಡುಗರು, ಸಂಜೆ ಕೆಳಗಲಕೇರಿಯವರು ಅವಳ ಮುಂದೆಯೇ ಒಳಗೆ ಹೋಗುತ್ತಿದ್ದರು. ಯಾರೂ ಮಾತಾಡಿಸುತ್ತಿರಲಿಲ್ಲ. ಗೋಡೆಯಾಚೆಯ ತೊಡೆ ತಟ್ಟುವ ಸದ್ದನ್ನು ಅವಳು ಈಚೆ ಕೂತು ಕೇಳುತ್ತಿದ್ದಳು. ಕುಸ್ತಿ ಮುಗಿಸಿ ಹೊರಡುವವರು ಅಖಾಡದ ಮಣ್ಣನ್ನು ಅಗೆದು ಹದ ಮಾಡಿ ಹೋಗಬೇಕು; ಇಲ್ಲವಾದರೆ ಮುಂದೆ ಬರುವವರಿಗೆ ಅದು ಕಲ್ಲಿನಂತಾಗುತ್ತದೆ. ಆದರೆ ಶತ್ರುವಿಗಾಗಿ ಯಾರು ಸನಿಕೆ ಹಿಡಿಯುತ್ತಾರೆ? ತಿಂಗಳೊಳಗೆ ಒಬ್ಬನ ಭುಜದ ಮೂಳೆ ಮುರಿಯಿತು. ಮಣ್ಣನ್ನು ಬೇಕೆಂದೇ ಗಟ್ಟಿ ಬಿಟ್ಟರೆಂದು ದೊಣ್ಣೆಗಳು ಮತ್ತೆ ಹೊರಬಂದವು. ಗರಡಿ ಮುಚ್ಚಿದರೆ ಗೋಡೆಯಾಚೆಯ ಆ ಸದ್ದೂ ನಿಲ್ಲುತ್ತದೆಂದು ಅವಳಿಗೆ ಗೊತ್ತಿತ್ತು. ಮರುದಿನ ಅವಳು ಮೇಗಲಕೇರಿಯ ಹುಡುಗರ ಮುಂದಾಳು ಕರಿತಿಮ್ಮನನ್ನು ಕರೆದು, “ನೆನ್ನೆ ಸಂಜೆ ಅವ್ರು ಅಗೆದು ಹೋಗವ್ರೆ ಕಣಪ್ಪ, ರಾತ್ರಿ ಥಂಡಿಗೆ ಮಣ್ಣು ಮತ್ತೆ ಕುಂತೈತೆ. ನೀವು ಹಂಗೇ ಬಿಟ್ಟೋದ್ರೆ ಸೋತಂಗಲ್ವಾ?” ಎಂದಳು. ಸಂಜೆ ಕೆಳಗಲಕೇರಿಯವರ ಮುಂದಾಳು ಜವರನಿಗೂ ಅದೇ ಮಾತು, ಬೆಳಿಗ್ಗೆಯವರ ಹೆಸರಿನಲ್ಲಿ. ಮೊದಲನೆಯದು ಶುದ್ಧ ಸುಳ್ಳು; ಅದನ್ನು ನಂಬಿ ಕರಿತಿಮ್ಮನವರು ಅಗೆದಿದ್ದರಿಂದ ಸಂಜೆಯ ಹೊತ್ತಿಗೆ ಎರಡನೆಯದು ನಿಜವಾಗಿತ್ತು. ಸೋಲಬಾರದೆಂಬ ಛಲಕ್ಕೆ ಇಬ್ಬರೂ ಅಗೆದರು, ಪ್ರತಿದಿನ ಮೊದಲಿಗಿಂತ ಆಳವಾಗಿ. ಮಣ್ಣು ಹತ್ತಿಯಂತಾಯಿತು, ಕೆಂಪು ಕಪ್ಪು ಬೆರೆತು ಒಂದೇ ಬಣ್ಣಕ್ಕೆ ಬಂದಿತು.

ಆರು ತಿಂಗಳ ನಂತರ ಗ್ರಹಣದ ದಿನ ಹೊತ್ತು ಏರುಪೇರಾಗಿ ಎರಡೂ ತಂಡಗಳು ಬಾಗಿಲಲ್ಲಿ ಎದುರಾದವು. “ಮೊದ್ಲು ಅಗೆದೋರು ನೀವಲ್ವಾ, ಅದುಕ್ಕೇ ನಾವೂ ಅಗೆದ್ವಿ” ಎಂದು ಕರಿತಿಮ್ಮ ಬಿಗುಮಾನದಿಂದ ಹೇಳಿದ. “ನಾವಾ? ನಿಮ್ಮ ಕಾಲಿಗೆ ಬೀಳೋಕೂ ನಾವು ಮೊದ್ಲು ಬಗ್ಗಲ್ಲ! ಮೊದ್ಲು ಅಗೆದೋರು ನೀವು” ಎಂದ ಜವರ. ಆಮೇಲೆ ಇಬ್ಬರೂ ಒಟ್ಟಿಗೆ ಜಗಲಿಯ ಕಡೆ ತಿರುಗಿದರು. ಇಪ್ಪತ್ತು ಜನ ಪೈಲ್ವಾನರು ಸಿಟ್ಟಿನಿಂದ ಆ ಮುದುಕಿಯನ್ನು ಸುತ್ತುಗಟ್ಟಿ ನಿಂತರು ಎನ್ನುತ್ತಾರೆ.

“ಸುಳ್ಳು ಹೇಳ್ದೆ, ಹೌದು” ಎಂದಳು ಚೆನ್ನಾಜಮ್ಮ. “ನನ್ ಮ್ಯಾಲಿನ ಕ್ವಾಪಕ್ಕಾದ್ರೂ ಒಂದೇ ಕಡೆ ನಿಂತಿದ್ದೀರಲ್ಲ. ಕುಂತ್ಕಳಿ, ಮಜ್ಜಿಗೆ ಕೊಡ್ತೀನಿ.”

ಜವರನಿಗೆ ನಗು ತಡೆಯಲಾಗಲಿಲ್ಲ, ಅವನು ಕೂತ. ಅವನಿಗಿಂತ ಹಿಂದೆ ಬೀಳಬಾರದೆಂದು ಕರಿತಿಮ್ಮನೂ ಕೂತ. ಅಂದಿನಿಂದ ಎರಡೂ ಕೇರಿಯವರು ಒಂದೇ ಹೊತ್ತಿಗೆ ಬರತೊಡಗಿದರು. ಇದು ನನ್ನ ಮನೆ, ಒಳಗೆ ಹೋಗುವ ಮುಂಚೆ ಒಂದು ಮಾತು ಕೇಳಿ ಎಂದು ಅವಳು ಹೇಳಿದ್ದರಿಂದ, ಪ್ರತಿಯೊಬ್ಬನೂ ಹೊಸಿಲಲ್ಲಿ ನಿಂತು “ಅವ್ವಾ, ಒಳಕ್ಕೆ ಹೋಗ್ಲಾ?” ಎನ್ನುತ್ತಿದ್ದ. ಅವಳು “ಹೋಗಪ್ಪ” ಎನ್ನುತ್ತಿದ್ದಳು. ಅವಳನ್ನೂ ಒಳಗೆ ಕರೆಯಬೇಕೆಂದು ಕರಿತಿಮ್ಮ ಮತ್ತು ಜವರ ಯಜಮಾನರನ್ನು ಕೇಳಿದರು. ಯಜಮಾನರಿಗೆ ಮನಸ್ಸಿರಲಿಲ್ಲವೆಂದಲ್ಲ. ಆದರೆ ಕಟ್ಟಳೆ ಮುರಿದ ಅಪವಾದ ಇನ್ನೊಂದು ಕೇರಿಯ ಮೇಲೆ ಇರಲಿ, ಅವರು ಮೊದಲು ಹೇಳಲಿ ಎಂದು ಎರಡೂ ಕಡೆ ಕಾದರು. ಹೀಗೆ ಎಂಟು ವರ್ಷಗಳು ಕಳೆದವು. ಒಂದು ದಿನ ಅವಳು ಜವರನನ್ನು ಕೇಳಿದಳು.

“ಅಡುಗೆಮನೆ ಗೂಡಲ್ಲಿ ನನ್ ದೀಪ ಇನ್ನೂ ಐತಾ ಮಗ?”

“ಐತೆ ಕಣವ್ವ. ತಂದ್ಕೊಡ್ಲಾ?”

“ಬ್ಯಾಡ. ಅಲ್ಲೇ ಇರ್ಲಿ. ಮನೆ ಒಳಗೆ ನಂದೂ ಅಂತ ಏನಾರ ಇರ್ಬೇಕಲ್ಲ.”

ಆ ವರ್ಷದ ಮಾರ್ಗಶಿರದ ಒಂದು ಬೆಳಿಗ್ಗೆ ಮೊದಲು ಬಂದವನು ಕರಿತಿಮ್ಮ. “ಅವ್ವಾ, ಒಳಕ್ಕೆ ಹೋಗ್ಲಾ?” ಎಂದ. ಉತ್ತರ ಬರಲಿಲ್ಲ. ಮಲಗಿದ್ದಾಳೆಂದು ಅವನು ಹೊಸಿಲಲ್ಲೇ ನಿಂತ. ಅವನ ಹಿಂದೆ ಬಂದವರೂ ಒಬ್ಬೊಬ್ಬರಾಗಿ ನಿಂತರು. ಅಪ್ಪಣೆಯಿಲ್ಲದೆ ಒಬ್ಬನೂ ಒಳಗೆ ಕಾಲಿಡಲಿಲ್ಲ. ಬಿಸಿಲು ತಟ್ಟಿಯ ಸಂದಿನಿಂದ ಅವಳ ಪಾದಗಳ ಮೇಲೆ ಬಿದ್ದಾಗ ಎಲ್ಲರಿಗೂ ತಿಳಿಯಿತು. ಯಾರನ್ನೂ ಕೇಳದೆ ಕರಿತಿಮ್ಮ ಒಂದು ಮಗ್ಗುಲಿಂದ, ಜವರ ಇನ್ನೊಂದು ಮಗ್ಗುಲಿಂದ ಹಿಡಿದು, ಅವಳನ್ನು ಎತ್ತಿ ಹೊಸಿಲು ದಾಟಿಸಿ, ಅಖಾಡದ ಮೆತ್ತನೆಯ ಮಣ್ಣಿನ ಮೇಲೆ ಮಲಗಿಸಿದರು. ಯಾರು ಮೊದಲು ಕಟ್ಟಳೆ ಮುರಿದರೆಂದು ಆಮೇಲೆ ಯಜಮಾನರಿಗೆ ತೀರ್ಮಾನಿಸಲಾಗಲಿಲ್ಲ. ಇಬ್ಬರ ಪಾದಗಳೂ ಒಟ್ಟಿಗೆ ಒಳಗೆ ಬಿದ್ದಿದ್ದವು. ಆ ಕಟ್ಟಳೆ ಅಂದೇ ಹೋಯಿತು.

ಈಗ ಅಲ್ಲಿ ಎರಡೂ ಕೇರಿಯ ಹೆಣ್ಣುಮಕ್ಕಳು ಹೊಲಿಗೆ ಕಲಿಯುತ್ತಾರೆ, ಅಖಾಡಕ್ಕೂ ಇಳಿಯುತ್ತಾರೆ. ಹೊಲಿಗೆಯ ಕೋಣೆಯೇ ಹಿಂದಿನ ಅಡುಗೆಮನೆ. ಗೂಡಿನಲ್ಲಿ ಹಿತ್ತಾಳೆಯ ದೀಪವಿದೆ. ಬರುವವರು ಇಂದಿಗೂ ಹೊಸಿಲಲ್ಲಿ ನಿಂತು “ಅವ್ವಾ, ಒಳಕ್ಕೆ ಹೋಗ್ಲಾ?” ಎಂದು ಕೇಳಿ, ಒಂದು ಉತ್ತರಕ್ಕೆ ಹಿಡಿಯುವಷ್ಟು ಹೊತ್ತು ಕಾದು, ಒಳಗೆ ಹೋಗುತ್ತಾರೆ. ಜಗಲಿಯ ಮೇಲೆ ಮಾತ್ರ ಯಾರೂ ಕೂರುವುದಿಲ್ಲ. ಕಾರಣ ಕೇಳಿದರೆ, ಅದು ಅವ್ವನ ಜಾಗ, ಗೌರವಕ್ಕೆ ಬಿಟ್ಟಿದ್ದೇವೆ ಎನ್ನುತ್ತಾರೆ.