ಹುಣಸೆಯ ನೆರಳಿಗೆ ಬಂದ ಬಾಣಂತಿ

ಪೂಜ್ಯ ಗೌರಮ್ಮ ತಾಯಿಯವರಿಗೆ ಮಠವಿರಲಿಲ್ಲ. ಊರಾಚೆಯ ಹಳ್ಳದ ದಂಡೆಯಲ್ಲಿ, ಹಳೆಯ ಹುಣಸೆ ಮರಗಳ ನಡುವೆ ಒಂದು ಹುಲ್ಲಿನ ಜೋಪಡಿ. ಅಷ್ಟೇ ಅವರ ಸಂಸ್ಥಾನ. ಆ ಬೆಳಿಗ್ಗೆ ತಾಯಿಯವರು ಅಂಗಳ ಸಾರಿಸುತ್ತಿದ್ದಾಗ ಫಕೀರವ್ವ ತನ್ನ ಸೊಸೆಯನ್ನು ರಟ್ಟೆ ಹಿಡಿದು ಕರೆತಂದಳು. ಅತ್ತೆಯ ಬಗಲಲ್ಲಿ ಎಳೆಗೂಸು ಚೀರುತ್ತಿತ್ತು.

ಸೊಸೆ ಪಾರವ್ವ ತಾಯಿಯಿಲ್ಲದವಳು. ಬಾಣಂತನ ಅತ್ತೆಯ ಮನೆಯಲ್ಲೇ ಆಯಿತು. ಥಂಡಿ ತಾಗೀತೆಂದು ಫಕೀರವ್ವ ಕಿಟಕಿಗೆ ಗೋಣಿ ತುರುಕಿ, ಬಾಗಿಲಿಗೆ ಕಂಬಳಿ ಇಳಿಬಿಟ್ಟಿದ್ದಳು. ಅಕ್ಕರೆಗೇನೂ ಕಡಿಮೆಯಿರಲಿಲ್ಲ, ಬೆಳಕಿಗೆ ಮಾತ್ರ ಬರ. ಬರಬರುತ್ತ ಪಾರವ್ವ ಮಾತು ಬಿಟ್ಟಳು, ಗೋಡೆಯತ್ತ ತಿರುಗಿ ಮಲಗಿದಳು, ಕೂಸನ್ನು ಮುಟ್ಟಲೂ ಒಲ್ಲೆನೆಂದಳು. ಹುಚ್ಚು ಹಿಡಿದಿದೆ, ಕೂಸು ಇಲ್ಲಿರಲಿ, ಇವಳನ್ನು ಅಣ್ಣನ ಮನೆಗೆ ಬಿಟ್ಟುಬರೋಣ ಎಂದು ಮನೆತನದ ಹಿರಿಯರು ತೀರ್ಮಾನಿಸಿದರು. ಅವರಲ್ಲಿ ಒಬ್ಬರೂ ಹಡೆದವರಲ್ಲ ಎಂಬುದು ಬೇರೆ ಮಾತು.

ಫಕೀರವ್ವ ಬೇಡಿದ್ದು ಒಂದು ತಾಯತ. ತಾಯಿಯವರು ಕೈ ತೊಳೆದು ಬಂದು, ಅವಳ ಎಮ್ಮೆಯ ಕ್ಷೇಮ ವಿಚಾರಿಸಿದರು. ಅವಳಿಗೆ ರೇಗಿತು. ಆದರೂ, ಕತ್ತಲ ಕೊಟ್ಟಿಗೆಯಲ್ಲಿ ಕಟ್ಟಿದರೆ ಅದು ಹಾಲು ಇಳಿಸುವುದಿಲ್ಲ, ಬೇವಿನ ಗಿಡದ ಕೆಳಗೇ ಕಟ್ಟಬೇಕು ಎಂದಳು.

"ಎಮ್ಮಿ ಮನಸು ತಿಳೀತು ನಿನಗ. ಸೊಸಿ ಮನಸು ತಿಳೀಲಿಲ್ಲೇನವ್ವಾ?"

ಊರನ್ನೇ ಬಾಯಲ್ಲಿ ಹಾಕಿಕೊಳ್ಳುವ ಫಕೀರವ್ವ ಕೂಸನ್ನು ಇನ್ನೊಂದು ಬಗಲಿಗೆ ಬದಲಿಸಿಕೊಂಡು ಸೊಸೆಯ ಮುಖ ನೋಡಿದಳು.

ತಾಯಿಯವರು ಮೂವರನ್ನೂ ಅಲ್ಲೇ ಉಳಿಸಿಕೊಂಡರು. ಮಂತ್ರವಿಲ್ಲ, ವಿಭೂತಿಯಿಲ್ಲ. ಎಳೆಬಿಸಿಲಿಗೆ ಹೊರಸು ಹಾಕಿಸುವರು, ಹೊತ್ತೇರಿದರೆ ನೆರಳಿಗೆ ಸರಿಸುವರು, ಸಂಜೆ ಪಾರವ್ವನ ಜೊತೆ ಹಳ್ಳದ ದಂಡೆಯಲ್ಲಿ ಸುಮ್ಮನೆ ಕೂಡುವರು. ಒಳಲೆಯಲ್ಲಿ ಕೂಸಿಗೆ ಆಕಳ ಹಾಲು ಕುಡಿಸುತ್ತ ಫಕೀರವ್ವ, ಇದೂ ಒಂದು ಔಷಧವೇ ಎಂದು ಗೊಣಗಿದಳು. ಆದರೆ ಪಾರವ್ವ ಮರದ ಮೇಲಿನ ಗಿಳಿಗಳತ್ತ ಕಣ್ಣೆತ್ತತೊಡಗಿದಳು. ಆಮೇಲೆ ತಾನಾಗಿ ರೊಟ್ಟಿ ಕೇಳಿದಳು. ಒಂದು ಮುಂಜಾನೆ ಗಾಳಿಗೆ ಉದುರಿದ ಹುಣಸೆ ಹೂವು ಕೂಸಿನ ಮೂಗಿನ ಮೇಲೆ ಬಿದ್ದು, ಅದು ಮುಖ ಸೊಟ್ಟಗೆ ಮಾಡಿ ಸೀನಿತು. ಪಾರವ್ವ ನಕ್ಕಳು.

"ಅತ್ತಿ, ಕೂಸಿನ ಕೊಡ್ರಿ ಇಲ್ಲೆ. ಹಸದೈತಿ."

ಫಕೀರವ್ವ ಕೂಸನ್ನು ಅವಳ ಮಡಿಲಿಗಿಟ್ಟು ತಾಯಿಯವರ ಪಾದಕ್ಕೆ ಬಿದ್ದಳು. ಅವರು ನಸುನಕ್ಕು, ಕಾಲು ಹಿಂದೆಗೆದು ಮರದತ್ತ ಕೈ ತೋರಿದರು. ಅವಳು ಮರಕ್ಕೂ ಅಡ್ಡಬಿದ್ದಳು.

ಪಾರವ್ವನನ್ನು ಅಣ್ಣನ ಊರಿಗೆ ಒಯ್ಯಲು ಹಿರಿಯರು ಕಳಿಸಿದ ಬಂಡಿಯನ್ನು ಫಕೀರವ್ವ ಖಾಲಿಯೇ ತಿರುಗಿಸಿದಳು. ತಾನು ಮುಂದೆ, ಕೂಸನ್ನು ಎದೆಗವಚಿಕೊಂಡ ಸೊಸೆ ಹಿಂದೆ, ನಡುಬೀದಿಯಲ್ಲೇ ನಡೆದುಬಂದರು. ಮನೆಯ ಕಟ್ಟೆಯ ಮೇಲೆ ಹಿರಿಯರು ಸಾಲಾಗಿ ಕುಳಿತಿದ್ದರು.

"ಏಳ್ರಿ, ದಾರಿ ಬಿಡ್ರಿ," ಎಂದಳು ಫಕೀರವ್ವ. "ಈ ಮನಿ ಒಡತಿ ಬಂದಾಳ."