ಗಾಣದ ಎತ್ತಿನ ಕಣ್ಣುಪಟ್ಟಿ

ವಿರೂಪಣ್ಣ ತರಗತಿಯ ಬಾಗಿಲಿಗೆ ಚಿಲಕ ಹಾಕಿದ. ಒಬ್ಬ ಹುಡುಗಿ ಕೈಮುಗಿದು ಬೇಡಿಕೊಂಡರೂ ತೆಗೆಯಲಿಲ್ಲ. ಅವನು ಮಾಡಿದ ತಪ್ಪು ಇದು. ಆದರೆ ಮಾಸ್ತರರ ಮುಂದೆ ಬಂದು ಕುಳಿತಾಗ ಅವನು ಕೇಳಿದ್ದೇ ಬೇರೆ.

"ಎಲ್ಲರಿಗೂ ಒಂದೇ ನಿಯಮ ಇಟ್ಟವನು ತಪ್ಪು ಮಾಡಿದಂಗ ಹೆಂಗಾಗ್ತದರಿ?"

ಯಂಕಪ್ಪ ಮಾಸ್ತರರು ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಎಣ್ಣೆ ಡಬ್ಬಿಗಳ ಮೇಲಿನ ಅಕ್ಷರ ನೋಡಿ ತಾವೇ ಓದು ಕಲಿತವರು. ಆಮೇಲೆ ಎಣ್ಣೆ ಮಿಲ್ಲಿನ ಕೂಲಿಕಾರರ ಮಕ್ಕಳನ್ನು ಕಾರ್ಮಿಕ ಸಂಘದ ಕೋಣೆಯಲ್ಲಿ ಕೂರಿಸಿಕೊಂಡು ಕಲಿಸಿದರು. ವಿರೂಪಣ್ಣ ಆ ಮಕ್ಕಳಲ್ಲಿ ಒಬ್ಬ. ಈಗ ಪದವಿ ಕಾಲೇಜಿನಲ್ಲಿ ಇತಿಹಾಸದ ಉಪನ್ಯಾಸಕ. ಏನೇ ಗೊಂದಲವಾದರೂ ಈಗಲೂ ಇಲ್ಲಿಗೇ ಬರುತ್ತಾನೆ.

"ನಡೆದದ್ದು ಹೇಳು" ಎಂದರು ಮಾಸ್ತರರು.

ವಿರೂಪಣ್ಣ ಹೇಳಿದ. ತಡವಾಗಿ ಬರುವವರ ಕಾಟ ತಪ್ಪಿಸಲು ಅವನು ಗಂಟೆ ಹೊಡೆದ ಕೂಡಲೇ ಒಳಗಿನಿಂದ ಚಿಲಕ ಹಾಕುತ್ತಿದ್ದ. ಹುಲಿಗೆಮ್ಮ ಎಂಬ ವಿದ್ಯಾರ್ಥಿನಿ ಚಿಲಕದ ಸದ್ದಿಗೆ ಬೆಚ್ಚುತ್ತಿದ್ದಳು. ಒಂದು ದಿನ ಎದ್ದು ನಿಂತು, "ಸರ್, ಚಿಲಕ ಬ್ಯಾಡ್ರಿ. ಬಾಗಿಲು ಸುಮ್ನ ಮುಂದಕ್ಕ ಮಾಡ್ರಿ, ಸಾಕು" ಎಂದಳು.

"ಯಾಕವ್ವ, ನಿನಗ ಗಾಳಿ ಬೀಸಾಕ ಇಬ್ಬರು ದಾಸಿಯರನ್ನೂ ಇಡಸಲೇನು?" ಎಂದ ವಿರೂಪಣ್ಣ. ತರಗತಿ ನಕ್ಕಿತು. ಹುಡುಗಿ ಬಾಗಿಲಿಗೆ ಓಡಿದಳು. ಅವನು ಅಡ್ಡ ನಿಂತ. ಅವಳು ಕೈಮುಗಿದಳು. ನಾಟಕ ಸಾಕು ಎಂದ. ಎಂಬತ್ತು ಜನರ ಮುಂದೆ ಅವಳು ಉಸಿರು ಸಿಗದೆ ಕುಸಿದಳು. ಉಟ್ಟ ಬಟ್ಟೆ ಒದ್ದೆಯಾಯಿತು.

ಅಂದಿನಿಂದ ಹದಿನೆಂಟು ದಿನ ಅವಳು ಬಂದಿಲ್ಲ. ಹಾಜರಿ ಕಡಿಮೆ ಇರುವವರ ಪಟ್ಟಿಗೆ ವಿರೂಪಣ್ಣ ನಾಳೆ ಸಹಿ ಹಾಕಬೇಕು. ಪಟ್ಟಿಯಲ್ಲಿ ಹೆಸರಿದ್ದವರಿಗೆ ಪರೀಕ್ಷೆ ಇಲ್ಲ. ಪರೀಕ್ಷೆ ತಪ್ಪಿದರೆ ಹುಲಿಗೆಮ್ಮನ ಮನೆಯವರು ಅವಳನ್ನು ಮತ್ತೆ ಕಾಲೇಜಿಗೆ ಕಳಿಸುವುದಿಲ್ಲ. ಇದು ಅವನಿಗೂ ಗೊತ್ತಿತ್ತು. ಪಟ್ಟಿ ಅವನ ಜೇಬಿನಲ್ಲೇ ಇತ್ತು.

ಮಾಸ್ತರರು ಕತೆ ಶುರುಮಾಡಿದರು.

"ಒಬ್ಬ ಗಾಣಿಗನಿದ್ದ. ಅವನ ಗಾಣಕ್ಕೆ ನಾಲ್ಕು ಎತ್ತುಗಳು. ಗಾಣದ ಎತ್ತಿಗೆ ಕಣ್ಣುಪಟ್ಟಿ ಕಟ್ಟುವುದು ವಾಡಿಕೆ. ಒಂದೇ ಕಡೆ ಸುತ್ತಿ ಸುತ್ತಿ ತಲೆ ತಿರುಗಬಾರದು ಎಂದು ಕಟ್ಟುತ್ತಾರೆ. ಎತ್ತಿನ ಒಳ್ಳೆಯದಕ್ಕೇ ಅದು.

"ನಾಲ್ಕರಲ್ಲಿ ಒಂದು ಮುದಿಯಾಯಿತು. ಗಾಣಿಗ ಸಂತೆಗೆ ಹೋಗಿ ಒಬ್ಬ ರೈತನಿಂದ ಬೇರೆ ಎತ್ತು ತಂದ. ಒಳ್ಳೆಯ ಕಸುವಿನ ಎತ್ತು. ಆದರೆ ಬಟ್ಟೆ ಕಣ್ಣ ಹತ್ತಿರ ಬಂದರೆ ಸಾಕು, ತಲೆ ಕೊಡವುತ್ತಿತ್ತು, ಹಿಂದೆ ಹಿಂದೆ ಸರಿಯುತ್ತಿತ್ತು, ನಡುಗುತ್ತಿತ್ತು. ಗಾಣಿಗ ಬಾರುಕೋಲು ತೆಗೆದುಕೊಂಡ.

"ಅವನು ಊರಲ್ಲಿಲ್ಲದ ಒಂದು ದಿನ ಸೊಸೆ ಆ ಎತ್ತನ್ನು ಪಟ್ಟಿ ಇಲ್ಲದೆ ಗಾಣಕ್ಕೆ ಹೂಡಿದಳು. ಅದು ನಿಧಾನವಾಗಿ ಸುತ್ತಿತು. ನಡುನಡುವೆ ನಿಂತಿತು. ಆದರೂ ಸಂಜೆಯೊಳಗೆ ಒಂದು ಕೊಡ ಎಣ್ಣೆ ಬಂತು. ಗಾಣಿಗ ಬಂದಾಗ ಅವಳು ಕೊಡ ತೋರಿಸಿದಳು. 'ಇದೊಂದಕ್ಕೆ ಪಟ್ಟಿ ಬಿಟ್ಟರೆ ಏನು ಹೋಗ್ತದ ಮಾವ?' ಅಂದಳು.

"'ಇವತ್ತು ಇದಕ್ಕೆ ಬಿಟ್ಟರೆ ನಾಳೆ ಉಳಿದ ಮೂರೂ ಕೇಳ್ತಾವ' ಅಂದ ಗಾಣಿಗ. ಎತ್ತುಗಳು ಸಭೆ ಸೇರಿ ಮನವಿ ಕೊಡ್ತಾವ ನೋಡು!" ಮಾಸ್ತರರು ನಗಲಿಲ್ಲ. ವಿರೂಪಣ್ಣ ನಗಲು ಹೋಗಿ ನಿಲ್ಲಿಸಿದ. ಗಾಣಿಗನ ಆ ಮಾತನ್ನೇ ಅವನು ಕಾಲೇಜಿನಲ್ಲಿ ಸಹೋದ್ಯೋಗಿಗಳಿಗೆ ಹೇಳಿದ್ದ.

"ಮರುದಿನ ಗಾಣಿಗ ನಾಲ್ಕು ಜನರನ್ನು ಕರೆಸಿದ. ಎತ್ತಿನ ಕಾಲು ಕಟ್ಟಿಸಿ ಕೆಡವಿದ. ಕಣ್ಣಿಗೆ ಬಟ್ಟೆ ಬಿಗಿದು, ಕಾಲು ಬಿಚ್ಚಿ ನೊಗಕ್ಕೆ ಹೂಡಿದ. ಎತ್ತು ಎರಡು ಹೆಜ್ಜೆ ಹಾಕಿತು. ಆಮೇಲೆ ಹಗ್ಗ ಹರಿದುಕೊಂಡು ಕುರುಡಾಗಿ ಓಡಿತು. ಗಾಣದ ಕಲ್ಲಿಗೆ ತಲೆ ಹೊಡೆದುಕೊಂಡು ಬಿತ್ತು. ಮಧ್ಯಾಹ್ನದವರೆಗೆ ಒದ್ದಾಡಿ ಸತ್ತಿತು.

"ಮುಂದಿನ ಸಂತೆಯಲ್ಲಿ ಗಾಣಿಗ ಆ ರೈತನ ಕೊರಳಪಟ್ಟಿ ಹಿಡಿದ. ರೈತ ಹೇಳಿದ: 'ನಮ್ಮ ಕೊಟ್ಟಿಗೆಗೆ ಬೆಂಕಿ ಬಿದ್ದಿತ್ತು. ಉರಿ ಕಂಡರೆ ಎತ್ತು ಹೊರಗೆ ಹೆಜ್ಜೆ ಇಡುವುದಿಲ್ಲ. ಕಣ್ಣಿಗೆ ಹಸಿ ಬಟ್ಟೆ ಕಟ್ಟಿ ಇದನ್ನು ಎಳೆದು ತಂದೆವು. ಇದರ ಜೋಡಿ ಒಳಗೇ ಸುಟ್ಟುಹೋಯಿತು. ಅದು ಕೂಗಿದ್ದನ್ನು ಇದು ಕಣ್ಣು ಕಟ್ಟಿಸಿಕೊಂಡು ನಿಂತು ಕೇಳಿತು.'

"'ಮೊದಲೇ ಯಾಕೆ ಹೇಳಲಿಲ್ಲ?' ಅಂದ ಗಾಣಿಗ.

"'ನೀವು ಹಲ್ಲು ನೋಡಿದಿರಿ, ಮೈಮೇಲಿನ ಸುಳಿ ನೋಡಿದಿರಿ. ಇದನ್ನು ಎಲ್ಲಿ ಕೇಳಿದಿರಿ?' ಅಂದ ರೈತ."

ಕತೆ ಮುಗಿಯಿತು. ಬಾಗಿಲ ಬಳಿ ಒದ್ದೆಯಾದ ನೆಲವನ್ನು ಹುಲಿಗೆಮ್ಮ ತನ್ನ ದುಪಟ್ಟಾದಿಂದ ಒರೆಸಲು ಹೋಗಿದ್ದು ವಿರೂಪಣ್ಣನ ಕಣ್ಣೆದುರಿಗೆ ಬಂತು. ಅದನ್ನು ಅವನು ಮಾಸ್ತರರಿಗೆ ಹೇಳಿರಲಿಲ್ಲ. ಈಗಲೂ ಹೇಳಲಾಗಲಿಲ್ಲ. ಒಂದು ದಾರಿಯೇನೋ ಹೊಳೆದಂತಾಯಿತು.

"ತಿಳೀತ್ರಿ" ಎಂದ. "ನಾಳೆ ಆಕೀನ ಸ್ಟಾಫ್ ರೂಮಿಗೆ ಕರೆಸ್ತೀನಿ. ನಿನಗ ಏನಾಗಿತ್ತು ಅಂತ ಕೇಳ್ತೀನಿ. ಕಾರಣ ಸರಿ ಇದ್ದರ ಪಟ್ಟಿಯಿಂದ ಹೆಸರು ತೆಗೀತೀನಿ."

"ಅಂದ್ರ ನಿನ್ನ ಮುಂದ ನಿಂತು ಇನ್ನೊಮ್ಮೆ ಸುಟ್ಟುಕೋಬೇಕು ಆಕಿ. ಎಷ್ಟು ಸುಟ್ಟದ ಅಂತ ನೀ ಅಳತಿ ಮಾಡಿ ಪಾಸು ಮಾಡಾಂವ" ಎಂದರು ಮಾಸ್ತರರು. ಅವರ ದನಿ ಏರಲಿಲ್ಲ. "ಬೆಂಕಿ ಬಿದ್ದದ್ದು ಗಾಣಿಗನ ಸೊಸೀಗೂ ಗೊತ್ತಿರಲಿಲ್ಲ. ಎತ್ತು ತಲೆ ಕೊಡವಿತು, ಆಕಿ ಪಟ್ಟಿ ಬಿಟ್ಟಳು. ಅದು ಬ್ಯಾಡ ಅಂದದ್ದಷ್ಟ ಆಕೀಗೆ ಸಾಕಾಯ್ತು."

ವಿರೂಪಣ್ಣ ಜೇಬಿನ ಪಟ್ಟಿಯ ಮೇಲೆ ಕೈಯಿಟ್ಟ. ಅದನ್ನು ಹೊರತೆಗೆದು ಹುಲಿಗೆಮ್ಮನ ಹೆಸರು ಹೊಡೆದುಹಾಕಿದ.

ಮಾಸ್ತರರು ಗೋಡೆಯ ಗೂಡಿನಲ್ಲಿದ್ದ ಸ್ಕ್ರೂಡ್ರೈವರ್ ತೆಗೆದು ಅವನ ಮುಂದೆ ಇಟ್ಟರು.

"ಏಳು, ಆ ಚಿಲಕ ಬಿಚ್ಚಿ ತಂದು ಇಲ್ಲಿಡು, ಆಮ್ಯಾಲೆ ಆಕೀ ಮನಿಗೆ ನೀನ ಹೋಗಿ ಬಾಗಿಲು ತೆರದದ ಅಂತ ಹೇಳು."